ಸೈರನ್ ಕೂಗಿತು, ನಾವು ಬುತ್ತಿ ಬಿಚ್ಚಿದೆವು

ನಗರದ ವಿಪತ್ತು ನಿರ್ವಹಣಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನದಿ ದಂಡೆಯ ಕಂಬದ ಮೇಲಿರುವ ತಮ್ಮ ನೆರೆ ಸೈರನ್ ಕೆಟ್ಟುಹೋಗಿದೆ. ದಿನಾ ಮಧ್ಯಾಹ್ನ ಪರೀಕ್ಷೆಗೆಂದು ಕೂಗಿಸಿ ಕೂಗಿಸಿ ತಾವೇ ಕೆಡಿಸಿದ್ದೀರಿ. ಕೂಗು ಚೆನ್ನಾಗಿಯೇ ಕೇಳುತ್ತದೆ, ಹೆದರುವವರು ಮಾತ್ರ ಯಾರೂ ಇಲ್ಲ. ಇಡೀ ಬೀದಿಯ ಪಾಲಿನ ಹೆದರಿಕೆಯನ್ನೂ ನಾನೊಬ್ಬನೇ ಹೊತ್ತು ತಿರುಗುತ್ತಿದ್ದೇನೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಓದಿದ್ದು ಹಳ್ಳಿ ಶಾಲೆಯಲ್ಲಿ, ಏಳನೆಯ ತರಗತಿವರೆಗೆ. ಮೇಷ್ಟ್ರಿಗೆ ಗೊತ್ತಿದ್ದದ್ದೇ ಅಷ್ಟು, ಹಾಗಾಗಿ ಮುಂದೆ ಓದುವ ಅಗತ್ಯ ಬೀಳಲಿಲ್ಲ. ಈಗ ಉಡುಪು ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ದೂರದಿಂದ ನೋಡಿಯೇ ಯಾರ ಸೊಂಟದ ಅಳತೆಯನ್ನೂ ಹೇಳಬಲ್ಲೆ. ತಮ್ಮ ಫೋಟೋವನ್ನು ಪೇಪರಿನಲ್ಲಿ ನೋಡಿದ್ದೇನೆ, ಆ ಅಳತೆ ಗುಟ್ಟಾಗಿಯೇ ಇರಲಿ. ಕಾರ್ಖಾನೆ ಇರುವುದು ನೆಲಮಾಳಿಗೆಯಲ್ಲಿ. ಅದರ ಕೊನೆಯ ಮೂಲೆಯಲ್ಲಿ ಗುಂಡಿಯ ಕಾಜಾ ಹೊಲಿಯುವವಳು ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ನನ್ನ ಕೈಯಲ್ಲೇ ಬೆಳೆದವಳು.

ತಮ್ಮ ಸೈರನ್ನಿನ ಹೊತ್ತೂ ನಮ್ಮ ಊಟದ ಹೊತ್ತೂ ಒಂದೇ. ಹಾಗಾಗಿ ಮಾಲೀಕರು ನಮ್ಮ ಊಟದ ಗಂಟೆಯನ್ನು ಬಿಚ್ಚಿ ಗುಜರಿಗೆ ಹಾಕಿದರು. ಸರ್ಕಾರವೇ ಪುಕ್ಕಟೆ ಕೂಗುವಾಗ ಇನ್ನೊಂದು ಯಾಕೆ? ಕೂಗಿದೊಡನೆ ಪೆಡಲಿನಿಂದ ಕಾಲು ತೆಗೆದು ಬುತ್ತಿ ಬಿಚ್ಚುತ್ತೇವೆ. ಆ ದನಿಗೆ ನಮ್ಮ ಎದೆ ನಡುಗುವುದಿಲ್ಲ ಸ್ವಾಮಿ, ಬಾಯಲ್ಲಿ ನೀರೂರುತ್ತದೆ.

ಕಳೆದ ಮಳೆಗಾಲದ ಒಂದು ಮಧ್ಯಾಹ್ನ ಅದು ಕೂಗಿತು. ಬುತ್ತಿ ಬಿಚ್ಚಿದೆವು. ಕೂಗು ನಿಲ್ಲಲಿಲ್ಲ.

"ಏನ್ ಮಾಸ್ಟ್ರೇ, ಇವತ್ತು ಸೈರನ್ನಿಗೂ ಹಸಿವು ಜೋರಾ?" ಅಂದ ಇಸ್ತ್ರಿಯವನು.

"ಸ್ವಿಚ್ ಹಾಕಿದೋನು ಊಟಕ್ಕೆ ಹೋಗಿರ್ಬೇಕು ಬಿಡೋ," ಅಂದೆ.

ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಬಚ್ಚಲಿನ ತೂತಿನಿಂದ ಕಪ್ಪು ನೀರು ಉಕ್ಕಿತು, ಮೆಟ್ಟಿಲ ಮೇಲಿಂದಲೂ ಧುಮುಕಿತು. ಯಂತ್ರಗಳ ವೈರುಗಳೆಲ್ಲ ನೆಲದ ಮೇಲೆ. ಓಡಿ ಮೇನ್ ಸ್ವಿಚ್ ಇಳಿಸಿದೆ. ಗವ್ವೆನ್ನುವ ಕತ್ತಲು. ಮೂಲೆಯಿಂದ, "ಮಾವಾ, ದಾರಿ ಕಾಣ್ತಿಲ್ಲ!" ಮೇಜಿನ ಮೇಲಿದ್ದ ಬಟ್ಟೆಯ ಥಾನನ್ನು ಆ ದನಿಯತ್ತ ಬಿಚ್ಚಿ ಎಸೆದೆ. "ಹಿಡ್ಕೊಂಡ್ ಬಾರೇ, ಬಿಡ್ಬೇಡ!" ಬಟ್ಟೆ ಬಿಗಿಯಾದೊಡನೆ ಈಚೆ ತುದಿಯನ್ನು ಕೈಗೆ ಸುತ್ತಿಕೊಂಡು ಎಳೆದೆ. ಅವಳು ಬಂದಳು, ಕುತ್ತಿಗೆಮಟ್ಟದ ನೀರಿನಲ್ಲಿ.

ಎಲ್ಲರೂ ಬದುಕಿಕೊಂಡೆವು. ಮರುದಿನ ತಮ್ಮ ಕಚೇರಿ ಹೇಳಿಕೆ ಕೊಟ್ಟಿತು: "ಮುನ್ನೆಚ್ಚರಿಕೆಯನ್ನು ಸಕಾಲದಲ್ಲಿ ನೀಡಲಾಗಿತ್ತು." ಒಪ್ಪಿದೆ, ಊಟಕ್ಕೆ ಅದು ಸಕಾಲವೇ. ದಿನಾ ಸುಳ್ಳಾಡುವ ಬಾಯಿಂದಲೇ ಒಂದು ದಿನ ನಿಜ ಆಡಿಸಿದರೆ ಕೇಳುವವರು ಯಾವುದನ್ನು ನಂಬಬೇಕು? ಆರನೆಯ ಮಹಡಿಯಲ್ಲಿ ಕೂರುವ ತಮಗೆ ಆ ತಾಪತ್ರಯವಿಲ್ಲವೇನೋ.

ಮಳೆಗಾಲ ಮತ್ತೆ ಬಂದಿದೆ. ಕಾರ್ಖಾನೆ ಅದೇ ನೆಲಮಾಳಿಗೆಯಲ್ಲಿದೆ, ಸೈರನ್ ಅದೇ ಹೊತ್ತಿಗೆ ಕೂಗುತ್ತದೆ. ನೆರೆಯಾದ ಹೊಸತರಲ್ಲಿ ಎಲ್ಲರೂ ಮೇಲಕ್ಕೆ ಓಡುತ್ತಿದ್ದೆವು. ಬರಬರುತ್ತಾ ಅರ್ಧ ಜನ. ನಿನ್ನೆ ನಾನೊಬ್ಬನೇ ಮೆಟ್ಟಿಲೇರಿ ನಿಂತು, "ಏಳೇ, ಮೇಲೆ ಬಾ!" ಎಂದು ಕಿರುಚಿದೆ. ಹುಡುಗಿ ಕೈಯ ತುತ್ತನ್ನೂ ಕೆಳಗಿಡಲಿಲ್ಲ.

"ಸುಮ್ನೆ ಬಂದು ಊಟ ಮಾಡಿ ಮಾವ. ಊಟದ್ದೇ ಅದು."

ಅಷ್ಟು ನೀರು ಕುಡಿದು ಬಂದವಳ ಮಾತಿದು! ನೀರಿನಿಂದಾದರೆ ಎಳೆದು ತಂದೆ, ಈ ಅಭ್ಯಾಸದಿಂದ ಎಳೆದು ತರುವುದು ನನ್ನ ಕೈಲಾಗದ ಕೆಲಸ. ಹಚ್ಚಿಸಿದವರು ತಾವು, ಬಿಡಿಸಬೇಕಾದವರೂ ತಾವೇ.

ಆದ್ದರಿಂದ, ಹಾಳಾದ ಈ ದನಿಯನ್ನು ಊಟಕ್ಕೇ ಬಿಟ್ಟುಕೊಡಿ. ನೀರಿಗೆ ನಾವು ಎಂದೂ ಕೇಳದ ಬೇರೊಂದು ದನಿ ಕೊಡಿ. ಬೀದಿಬೀದಿಗೆ ಬಂದು ಒಮ್ಮೆ ಕೇಳಿಸಿ, ಅದರ ಅರ್ಥ ಸಾರಿ, ನೆಲಮಾಳಿಗೆಗಳಿಗೂ ಇಳಿದು ಹೇಳಿ. ಆಮೇಲೆ ನದಿ ನಿಜವಾಗಿ ಏಳುವವರೆಗೆ ಅದರ ಬಾಯಿ ಕಟ್ಟಿಡಿ. ಬೇಗ ಮಾಡಿ ಮಾನ್ಯರೇ, ದಂಡೆಯ ಕಲ್ಲುಗಳು ಮುಳುಗತೊಡಗಿವೆ. ನನ್ನ ಹುಡುಗಿ ಕೆಳಗೆ ಕೂತು ಉಣ್ಣುತ್ತಿದ್ದಾಳೆ.

ಇಂತಿ,
ಮೆಟ್ಟಿಲ ಮೇಲೆ ನಿಂತೇ ಉಣ್ಣುವ
ಒಬ್ಬ ಸೋದರಮಾವ