ಕಿಂಡಿಗೆ ತುರುಕಿದ ಕಾಲುಚೀಲ

ರಿಪೇರಿ ಶೆಡ್ಡು,
ಹದಿನಾಲ್ಕನೇ ತಾರೀಖು, ಗುರುವಾರ, ಊಟದ ಹೊತ್ತು

ಪ್ರೀತಿಯ ಗುಂಡಾ,

ಹೇಗಿದ್ದೀಯ? ಪ್ರತಿ ಸಲದ ಹಾಗೆ ವಾಡಿಕೆಗೆ ಕೇಳುತ್ತಿಲ್ಲ. ತಲೆನೋವು ಇಳಿಯಿತೇ, ಹೊಟ್ಟೆ ತೊಳಸುವುದು ನಿಂತಿತೇ, ರಕ್ತ ಪರೀಕ್ಷೆಗೆ ಕೊಟ್ಟು ಬಂದೆಯಾ, ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. ಫೋನ್ ಮಾಡಿದರೆ ಎತ್ತುತ್ತಿಲ್ಲ. ಮಂಗಳವಾರ ನಿಮ್ಮ ಆಫೀಸಿಗೆ ಹೇಳಿ ನಿನ್ನ ಹಾರಾಟ ನಿಲ್ಲಿಸಿದ್ದು ನಾನೇ ಎಂದು ಮುಖ ಊದಿಸಿಕೊಂಡಿದ್ದೀಯ, ಗೊತ್ತು. ಊದಿಸಿಕೋ. ಜೀವ ಇದ್ದರೆ ತಾನೇ ಮುಖ ಊದಿಸಿಕೊಳ್ಳುವುದು. ಫೋನಿನಲ್ಲಾದರೆ ಏನೋ ಒಂದು ಹೇಳಿ ನಗಿಸಿ ನನ್ನ ಬಾಯಿ ಮುಚ್ಚಿಸುತ್ತೀಯ. ಕಾಗದದ ಹತ್ತಿರ ನಿನ್ನ ಆಟ ನಡೆಯುವುದಿಲ್ಲ ಎಂದು ಬರೆಯಲು ಕೂತಿದ್ದೇನೆ.

ನೂರು ಗಂಟೆ ಹಾರಿದ ಮೇಲಿನ ತಪಾಸಣೆಗೆಂದು ಸೋಮವಾರ ವಿಮಾನ ತಂದು ನಿಲ್ಲಿಸಿ, ಒಂದು ಲೋಟ ಚಹಾ ಕೂಡ ಕುಡಿಯದೆ ಇನ್ನೊಂದನ್ನು ಹಾರಿಸಿಕೊಂಡು ಹೋದೆಯಲ್ಲ, ಮಾರನೆಯ ಬೆಳಿಗ್ಗೆ ಅದರ ಬಾಗಿಲು ತೆಗೆದೆ. ಹೊರಗಿನ ಗಾಳಿ ಬರುವ ಕಿಂಡಿಯಲ್ಲಿ ಏನಿತ್ತು? ಕಾಲುಚೀಲ. ಎಡಗಡೆಗೊಂದು, ಬಲಗಡೆಗೊಂದು, ಮೇಲೆ ಟೇಪು. ನಮ್ಮ ಶೆಡ್ಡಿನ ಹಿರಿಯ ಮೇಸ್ತ್ರಿ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಒಗೆಯೋಕೆ ಹಾಕ್ಲಾ ಮೇಡಂ?" ಎಂದರು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮೊಣಕಾಲಿಗೆ ಚಳಿ ಹೊಡೆಯುತ್ತದೆಂದು ಗಾಳಿ ಬರುವ ದಾರಿಯನ್ನೇ ಮುಚ್ಚಿ, ಬಿಸಿಗಾಳಿಯ ನಾಬನ್ನು ಕೊನೆಯವರೆಗೆ ಎಳೆದುಕೊಂಡು ಕೂತಿದ್ದೀಯಲ್ಲ, ನಿನ್ನ ತಲೆಯಲ್ಲಿ ಇರುವುದೇನು? ಒಂದು ಕಂಬಳಿ ಹೊದೆಯಲು ಯಾರಾದರೂ ಬೇಡ ಅಂದರೇ?

ಆ ಬಿಸಿ ಎಲ್ಲಿಂದ ಬರುತ್ತದೆ ಎಂದು ನಿನಗೆ ಮೊದಲು ಹೇಳಿಕೊಟ್ಟವಳು ನಾನು. ಎಂಜಿನ್ನಿನ ಹೊಗೆ ಹೋಗುವ ಕೊಳವೆ, ಅದರ ಸುತ್ತ ತಗಡಿನ ಕವಚ. ಹೊರಗಿನ ಗಾಳಿ ಆ ಎರಡರ ನಡುವೆ ಹಾದು, ಕೊಳವೆಯ ಮೈಗೆ ತಾಗಿ ಬಿಸಿಯಾಗಿ ನಿನ್ನ ಕಾಲಿನ ಹತ್ತಿರ ಬರುತ್ತದೆ. ಕೊಳವೆ ಬಿರುಕು ಬಿಟ್ಟರೆ ಎಂಜಿನ್ನಿನ ವಿಷಾನಿಲವೂ ಅದೇ ದಾರಿಯಲ್ಲಿ ಒಳಗೆ ಬರುತ್ತದೆ. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದಕ್ಕೇ ಬಿಸಿಯ ನಾಬ್ ಎಳೆದಾಗಲೆಲ್ಲ ತಣ್ಣನೆಯ ಗಾಳಿಯ ನಾಬನ್ನೂ ಎಳೆ ಎಂದು ಬಡಕೊಂಡದ್ದು. ಕವಚ ಬಿಚ್ಚಿ ನೋಡಿದೆ. ಬಿರುಕು ನನ್ನ ಕಿರುಬೆರಳಿನಷ್ಟು ಉದ್ದ ಇದೆ.

ಇನ್ನೊಂದು ವಿಷಯ. ಆ ವಿಷ ಬಂದರೆ ಕಪ್ಪಾಗಲಿ ಎಂದು ಮುಂದಿನ ಫಲಕದ ಮೇಲೆ ಕಿತ್ತಳೆ ಚುಕ್ಕಿಯ ಕಾರ್ಡು ಅಂಟಿಸಿ ಕೊಟ್ಟಿದ್ದೆ. ನೀನು ಅದರ ಮೇಲೆ ಮಗಳ ಫೋಟೋ ಅಂಟಿಸಿದ್ದೀಯ. ಅಷ್ಟು ದೊಡ್ಡ ಫಲಕದಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಫೋಟೋ ಕಿತ್ತರೆ ಚುಕ್ಕಿ ಇದ್ದಿಲಿನ ಹಾಗೆ ಕಪ್ಪಗಿದೆ. ಆಗಲೇ ನಿಮ್ಮ ನರ್ಸಮ್ಮನಿಗೆ ಫೋನ್ ಮಾಡಿದೆ, ರೋಗಿಗಳನ್ನು ಕರೆತರಲು ನಿನ್ನ ಜೊತೆ ಬರುತ್ತಾರಲ್ಲ, ಅವರಿಗೆ. ಪಾಪ, ಹಿಂಜರಿಯುತ್ತಲೇ ಹೇಳಿದರು: "ಹೋದ ವಾರ ಕೇಳಿದ್ದನ್ನೇ ಕೇಳ್ತಿದ್ರು. ರೇಡಿಯೋದವರು ಮೂರು ಸಲ ಕರೆದ್ರು, ಸುಮ್ನೆ ಮುಂದೆ ನೋಡ್ತಾ ಕೂತಿದ್ರು. ನಾನೇ ಕೈ ಚಾಚಿ ಕಿಟಕಿ ತೆಗೆದೆ. ಸ್ವಲ್ಪ ಹೊತ್ತಿಗೆ ಸರಿಹೋದ್ರು." ಹಿಂದಿನ ಸೀಟಿನಲ್ಲಿ ಹೆರಿಗೆಗೆ ಹೊರಟ ಒಬ್ಬ ಹೆಂಗಸು ಮಲಗಿದ್ದಳಂತೆ. ಇದಾದ ಮೇಲೂ ಅದೇ ವಿಮಾನವನ್ನು ನಾಲ್ಕು ಸಲ ಹಾರಿಸಿದ್ದೀಯ.

ಪ್ರತಿ ಹಾರಾಟದ ವಿವರ ಬರೆಯುವ ವಿಮಾನದ ಪುಸ್ತಕ ತಿರುವಿ ಹಾಕಿದೆ. ತಲೆನೋವಿನ ಬಗ್ಗೆ ಒಂದಕ್ಷರ ಇಲ್ಲ. ಡಾಕ್ಟರು ನಿನ್ನನ್ನು ಹಾರಾಟಕ್ಕೆ ಆಗದವನು ಎಂದು ಬರೆದುಬಿಟ್ಟಾರು ಎಂಬ ಹೆದರಿಕೆ ನಿನಗೆ, ಅಷ್ಟೇ ತಾನೇ? ನನ್ನ ಹತ್ತಿರ ಫೋನಿನಲ್ಲಿ ನೀನು, ಹಸಿವಿಗೆ ತಲೆ ಸಿಡಿಯುತ್ತದೆ ಎಂದೆ. ನಾನೂ ದಡ್ಡಿಯ ಹಾಗೆ, ಹೊತ್ತುಹೊತ್ತಿಗೆ ತಿನ್ನು ಎಂದೆ. ನೆನೆಸಿಕೊಂಡರೆ ನಿನ್ನ ಬೆನ್ನಿಗೆ ನಾಲ್ಕು ಬಿಗಿಯಬೇಕು ಅನ್ನಿಸುತ್ತದೆ.

ಈಗ ಸರಿಯಾಗಿ ಕೇಳಿಸಿಕೋ. ಮತ್ತೆ ಹಾರುವ ದಿನ ಬಂದಾಗ, ತಲೆ ಭಾರವಾದರೆ, ಕಣ್ಣು ಮಂಜಾದರೆ, ಕಾರಣ ಹುಡುಕುತ್ತಾ ಕೂರಬೇಡ. ಬಿಸಿಯ ನಾಬ್ ಒಳಗೆ ತಳ್ಳು, ತಣ್ಣನೆಯದನ್ನು ಪೂರ್ತಿ ಎಳೆ, ಕಿಂಡಿ ಕಿಟಕಿ ಎಲ್ಲ ತೆಗೆ, ಹತ್ತಿರದ ರನ್‌ವೇಗೆ ಇಳಿ. ಚಳಿಗೆ ನಡುಗಿದರೂ ಪರವಾಗಿಲ್ಲ.

ನಿನ್ನ ಹೆಂಡತಿಗೆ ಎಲ್ಲವನ್ನೂ ಹೇಳಿದ್ದೇನೆ, ಅವಳ ಕೈಯಲ್ಲಿ ಉಗಿಸಿಕೊಳ್ಳುವುದು ಬಾಕಿ ಇರಬಹುದು. ಮಗುವಿಗೆ ಅತ್ತೆಯ ಮುತ್ತು. ಫೋಟೋ ಭದ್ರವಾಗಿ ನನ್ನ ಹತ್ತಿರ ಇದೆ. ನೂರು ವರ್ಷ ಬಾಳು, ಕತ್ತೆ.

ನಿನ್ನ ಅಕ್ಕ

ತಾ.ಕ.: ಕಾಗದ ಒಯ್ಯುವ ವ್ಯಾನಿನವನು ಹಾರನ್ ಬಾರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬಿರುಕು ಹೊಸದಲ್ಲ. ಅಂಚಿಗೆ ಕೂತ ಮಸಿ ಹಳೆಯದು. ಹಿಂದಿನ ತಪಾಸಣೆಯಲ್ಲೇ ಕಾಣಬೇಕಿತ್ತು. ಆ ದಿನ ನೀನು ಬಾಗಿಲಲ್ಲಿ ನಿಂತು, "ಪೇಶೆಂಟ್ ಕಾಯ್ತಿದ್ದಾರೆ ಅಕ್ಕಾ, ಬೇಗ ಸಹಿ ಹಾಕ್ಕೊಡು" ಎಂದೆ. ನಾನು ಕವಚ ಬಿಚ್ಚಲಿಲ್ಲ. ಬಿಚ್ಚಿ ನೋಡಿದ್ದೇನೆ ಎಂದು ಸಹಿ ಹಾಕಿದೆ. ಮೂರು ದಿನದಿಂದ ಊಟ ಸೇರುತ್ತಿಲ್ಲ. ಇವತ್ತು ಬೆಳಿಗ್ಗೆ ಅದನ್ನೆಲ್ಲ ಬರೆದು ವಿಮಾನ ಸುರಕ್ಷತೆಯ ತನಿಖೆಯವರಿಗೆ ಕೊಟ್ಟೆ. ನನ್ನ ಲೈಸೆನ್ಸು ಹೋಗುತ್ತದೆ, ಹೋಗಲಿ. ನಿನ್ನನ್ನೂ ಕರೆದು ಕೇಳುತ್ತಾರೆ, ನಿನ್ನ ಅಕ್ಕ ಆ ದಿನ ನಿನ್ನೆದುರು ಕವಚ ಬಿಚ್ಚಿದ್ದು ನಿಜವೇ ಎಂದು. ನಿನ್ನನ್ನು ಬಲ್ಲೆ, ಅಕ್ಕನನ್ನು ಉಳಿಸಲು ಕಣ್ಣು ಮಿಟುಕಿಸದೆ ಹೌದು ಅನ್ನುತ್ತೀಯ. ಅನ್ನಬೇಡ. ಬಿಚ್ಚಲಿಲ್ಲ ಎಂದೇ ಹೇಳು, ಗುಂಡಾ.