ಟ್ಯಾಂಕಿಗೆ ಹೊಂದಿಸಿದ ಚುಕ್ಕಿ

ನವೆಂಬರ್ ೪, ಮಂಗಳವಾರ

ಮತ್ತೆ ಸ್ವಿಚ್ ಆಫ್ ಮಾಡಲು ಮರೆತೆ. ಟೆಲಿಸ್ಕೋಪಿಗೆ ಗುರಿ ತೋರಿಸುವ ಪುಟ್ಟ ದೀಪದ ಫೈಂಡರ್ ರಾತ್ರಿಯಿಡೀ ಹಿತ್ತಲಲ್ಲಿ ಯಾರಿಗೂ ಕಾಣದೆ ಉರಿದು ಬೆಳಿಗ್ಗೆ ಸತ್ತಿತ್ತು. ಬಟನ್ ಸೆಲ್ ಕೊಡುವಾಗ ಅಂಗಡಿಯವನು ಕೇಳಿದ: "ಏನ್ ಸಾರ್, ವಾಚ್ ರಿಪೇರಿ ಶುರು ಮಾಡಿದ್ರಾ?"

ಹಳೆಯ ಫೈಂಡರ್ ಒಂದು ಪುಟ್ಟ ದುರ್ಬೀನು. ಅದರಲ್ಲಿ ಲೋಕವೆಲ್ಲ ತಲೆಕೆಳಗು. ಹೊಸದು ಹಾಗಲ್ಲ — ಓರೆಯಾಗಿ ನಿಂತ ಒಂದು ಗಾಜು, ಅದರಲ್ಲಿ ಒಂದು ಕೆಂಪು ಚುಕ್ಕಿ. ಎರಡೂ ಕಣ್ಣು ತೆರೆದು ನೋಡಿದರೆ ಚುಕ್ಕಿ ಗಾಜು ಬಿಟ್ಟು ಆಕಾಶಕ್ಕೇ ಹೋಗಿ ಅಂಟಿಕೊಳ್ಳುತ್ತದೆ. ಅದನ್ನು ಬೇಕಾದ ನಕ್ಷತ್ರದ ಮೇಲೆ ಕೂರಿಸಿದರೆ ಟೆಲಿಸ್ಕೋಪಿನೊಳಗೂ ಅದೇ ನಕ್ಷತ್ರ. ಚುಕ್ಕಿಗೆ ಚುಕ್ಕಿ ಇಡುವ ಕೆಲಸ. ಆದರೆ ಅದಕ್ಕೆ ಮುಂಚೆ ಹಗಲಲ್ಲೇ ಎರಡನ್ನೂ ಒಂದೇ ಗುರಿಗೆ ಹೊಂದಿಸಿಕೊಳ್ಳಬೇಕಂತೆ. ಎರಡು ಸ್ಕ್ರೂ: ಒಂದು ಎಡ-ಬಲಕ್ಕೆ, ಒಂದು ಮೇಲೆ-ಕೆಳಗೆ.

ಹಿತ್ತಲಾಚೆಯ ಮನೆಯ ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಹೊಂದಿಸಿದೆ. ಸೊಗಸಾಗಿ ಕೂತಿತು. ಜತೆಗೆ ಬಂದ ಕೈಪಿಡಿ ಓದಿಲ್ಲ. ಕಾಲೇಜಿನಲ್ಲಿ ಹುಡುಗರಿಗೆ "ಮೊದಲು ಪ್ರಶ್ನೆ ಓದ್ರಪ್ಪ" ಎಂದು ಬೊಬ್ಬೆ ಹೊಡೆಯುವ ಹಿಸ್ಟರಿ ಮೇಷ್ಟ್ರು ನಾನೇ.

ಹೆಂಡತಿ ಡ್ರೈವಿಂಗ್ ಕ್ಲಾಸ್ ಮುಗಿಸಿ ಬಂದಳು. ಊರಿಗೆಲ್ಲ ಕಾರು ಕಲಿಸಿದವಳು. ಕಲಿಯದೆ ಉಳಿದವನು ನಾನೊಬ್ಬ. ಬಗ್ಗಿ ನಿಂತ ನನ್ನನ್ನು ನೋಡಿ, "ಟ್ಯಾಂಕಲ್ಲಿ ನೀರೆಷ್ಟಿದೆ ಅಂತಾನೂ ಹೇಳ್ಬಿಡಿ ರೀ, ಅವರಿಗೆ ಉಪಕಾರ ಆಗುತ್ತೆ" ಎಂದಳು.

ನವೆಂಬರ್ ೫, ಬುಧವಾರ

ಏಳೂವರೆಗೆ ಆಕಾಶ ಶುಭ್ರ. ಶನಿಗ್ರಹ ಬರಿಗಣ್ಣಿಗೇ ಕಾಣುತ್ತಿತ್ತು. ಕೆಂಪು ಚುಕ್ಕಿಯನ್ನು ಅದರ ಮೇಲೆ ಕೂರಿಸಿ ಟೆಲಿಸ್ಕೋಪಿಗೆ ಕಣ್ಣಿಟ್ಟೆ. ಕತ್ತಲು. ಮತ್ತೆ ಕೂರಿಸಿದೆ. ಮತ್ತೂ ಕತ್ತಲು. ಸ್ಟಾಫ್ ರೂಮಿನಲ್ಲಿ ವಾರವೆಲ್ಲ ಕೊಚ್ಚಿಕೊಂಡಿದ್ದೆನಲ್ಲ, "ಶನಿಯನ್ನು ಮನೆಗೇ ಕರೆಸಿದ್ದೇನೆ" ಎಂದು...

ಅಡುಗೆಮನೆ ಕಿಟಕಿಯಿಂದ ಅವಳ ಕೂಗು: "ಕಾಣಿಸ್ತಾ ರೀ?"

"ಕಾಣಿಸ್ತು! ಉಂಗುರ ಸಮೇತ!"

ಯಾಕೆ ಹಾಗೆಂದೆ? ಗೊತ್ತಿಲ್ಲ. ಬಾಯಿಗೆ ಫೈಂಡರ್ ಇಲ್ಲ.

ಒದ್ದೆ ಕೈಯಲ್ಲೇ ಓಡಿಬಂದಳು. ಬಗ್ಗಿದಳು. "ಏನೂ ಇಲ್ಲವಲ್ಲ."

"ಸರಿಯಾಗಿ ನೋಡು, ನಟ್ಟನಡುವೆ ಇದೆ."

"ಬರೀ ಕಪ್ಪು ರೀ."

ಆಗ ನನ್ನ ಹಾಸ್ಯಪ್ರಜ್ಞೆ ಜಾಗೃತವಾಯಿತು. "ಕಣ್ಣು ಟೆಸ್ಟ್ ಮಾಡಿಸ್ಕೋ ಕಣೇ. ನಿನ್ನ ಪಕ್ಕ ಕೂತು ಗಾಡಿ ಕಲಿಯೋರ ಗತಿ ದೇವರೇ ಬಲ್ಲ!"

ನಕ್ಕೆ. ಒಬ್ಬನೇ ನಕ್ಕೆ. ಅವಳು ಆಗಲೇ ಒಣಗಿದ್ದ ಕೈಯನ್ನು ಸೆರಗಿಗೆ ಇನ್ನೊಮ್ಮೆ ಒರೆಸಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ನಿಜ ಹೇಳಿದರಾಯಿತು. ತಮಾಷೆ ತಾನೆ.

ನವೆಂಬರ್ ೮, ಶನಿವಾರ

ಹೇಳಲಿಲ್ಲ. ಪೇಪರ್ ತಿದ್ದುವುದಿತ್ತು — ಇತ್ಯಾದಿ.

ಇವತ್ತು ಅವಳು ಸಂಜೆಯ ಕ್ಲಾಸ್ ರದ್ದು ಮಾಡಿದಳು. ಕಲಿಯಲು ಬರುವ ಬ್ಯಾಂಕಿನ ಮೇಡಂ ಫೋನ್ ಮಾಡಿದರೆ, "ಕತ್ತಲಾದ್ಮೇಲೆ ಬೇಡ ಮೇಡಂ, ಇನ್ಮೇಲೆ ಬೆಳಿಗ್ಗೆ ಬನ್ನಿ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಕೇಳದೆ ಇದ್ದದ್ದಕ್ಕೆ ಕಾರಣ ಗೊತ್ತಿದೆ. ಅದನ್ನು ಇಲ್ಲಿ ಬರೆಯಲೂ ಮನಸ್ಸಿಲ್ಲ.

ನವೆಂಬರ್ ೧೦, ಸೋಮವಾರ

ನೀರು ಕುಡಿಯಲು ಹೋದೆ. ಅಡುಗೆಮನೆಯಲ್ಲಿ ಒಂದು ಕಣ್ಣಿಗೆ ಅಂಗೈ ಮುಚ್ಚಿಕೊಂಡು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಳು. ಕೈ ಬದಲಿಸಿ ಇನ್ನೊಂದು ಕಣ್ಣು. ನನ್ನನ್ನು ಕಂಡು ಹುಬ್ಬು ತುರಿಸಿದ ಹಾಗೆ ನಟಿಸಿದಳು. ಆಮೇಲೆ ತಾನೇ ಹೇಳಿದಳು:

"ಅಮ್ಮನಿಗೂ ಹೀಗೇ ಅಲ್ವಾ ಶುರುವಾಗಿದ್ದು? ಎಲ್ರೂ 'ಅಲ್ಲೇ ಇದೆಯಲ್ಲ' ಅನ್ನೋರು. ಅವಳಿಗೆ ಕಾಣ್ತಿರ್ಲಿಲ್ಲ."

ಅತ್ತೆಗೆ ಕಣ್ಣಿನೊಳಗೆ ಒತ್ತಡ ಹೆಚ್ಚುವ ಕಾಯಿಲೆ. ಕೊನೆಕೊನೆಗೆ ನಮ್ಮನ್ನೆಲ್ಲ ಚಪ್ಪಲಿ ಸದ್ದಿನಿಂದ ಗುರುತಿಸುತ್ತಿದ್ದರು. ನನ್ನ ಚಪ್ಪಲಿ ಕೇಳಿಸಿದರೆ "ಬಂದ್ರಾ ಅಳಿಯಂದ್ರು, ಯಾವ ಜೋಕ್ ತಂದಿದ್ದೀರಿ?" ಎನ್ನುವರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಮಾತು ಆಡಿದೆ.

ಈಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. "ಕಾಫಿ ಇದೆಯಾ?" ಎಂದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಮುಟ್ಟಿ ನೋಡಿಕೊಂಡೆ. ಶನಿ ಅಲ್ಲೇ ಕೂತಿದ್ದಾನೆ. ಆಕಾಶದಲ್ಲಿ ಹುಡುಕಿದರೆ ಸಿಕ್ಕಾನೆಯೇ!

ನವೆಂಬರ್ ೧೪, ಶುಕ್ರವಾರ

ಕಣ್ಣಿನ ಡಾಕ್ಟರು. ಡ್ರಾಪ್ಸ್, ಯಂತ್ರಕ್ಕೆ ಗಲ್ಲ ಒತ್ತಿ ಕೂರುವುದು, ಒತ್ತಡ ಅಳೆಯಲು ಕಣ್ಣಿಗೆ ಗಾಳಿಯ ಉಫ್. ಕೊನೆಗೆ ಡಾಕ್ಟರಮ್ಮ, "ಒತ್ತಡ ನಾರ್ಮಲ್, ನರ ಚೆನ್ನಾಗಿದೆ. ಆರಾಮಾಗಿರಿ" ಎಂದರು. ಬಚಾವಾದೆ ಎಂದುಕೊಂಡೆ. ಪುಕ್ಕಟೆ ಪಾಪವಿಮೋಚನೆ.

ಆಟೋದಲ್ಲಿ ಅವಳು: "ಅಮ್ಮನ ಡಾಕ್ಟರೂ ಮೊದಲು ಹಾಗೇ ಅಂದಿದ್ರು. ಯಂತ್ರಕ್ಕೇನು ಗೊತ್ತಾಗುತ್ತೆ ಬಿಡಿ. ನಿಮಗೆ ಕಂಡಿದ್ದು ನನಗೆ ಕಾಣ್ಲಿಲ್ಲವಲ್ಲ."

ಡಾಕ್ಟರಿಗಿಂತ ನನ್ನನ್ನು ನಂಬುತ್ತಾಳೆ. ಇಂಥ ಹೊತ್ತಲ್ಲೇ ನಂಬಬೇಕೆ?

ಆಮೇಲೆ ಇನ್ನೊಂದು: "ಪಕ್ಕದಲ್ಲಿ ಕೂತೋರ ಜೀವ ನನ್ನ ಕಣ್ಣಲ್ಲಿರುತ್ತೆ ರೀ. ಅನುಮಾನ ಇಟ್ಕೊಂಡು ಕೂರೋಕಾಗಲ್ಲ. ಕಾರು, ಕ್ಲಾಸು ಎರಡೂ ಹಾರನ್‌ಗೆ ಕೊಡ್ತೀನಿ. ಇಪ್ಪತ್ನಾಲ್ಕಕ್ಕೆ ಬಂದು ತಗೊಂಡು ಹೋಗ್ತಾನೆ."

ಹಾರನ್ ಎಂದರೆ ಅವಳೇ ತಯಾರು ಮಾಡಿದ ಕಿರಿಯ ಟ್ರೇನರ್. ಇರುವೆ ಅಡ್ಡ ಬಂದರೂ ಹಾರನ್ ಹೊಡೆಯುವವನು.

ನವೆಂಬರ್ ೧೫, ಶನಿವಾರ

ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಗೇಟಿನ ಬಳಿ ಅವಳು ಬ್ಯಾಂಕಿನ ಮೇಡಂಗೆ ಹೇಳುತ್ತಿದ್ದಳು:

"ಬಾನೆಟ್ ನೋಡ್ಬೇಡಿ ಮೇಡಂ! ಹತ್ತಿರದ್ದು ನೋಡ್ಕೊಂಡು ಸ್ಟೀರಿಂಗ್ ಹಿಡಿದ್ರೆ ಇಲ್ಲಿ ನೆಟ್ಟಗಿರುತ್ತೆ, ಅಲ್ಲಿ ಹೋಗ್ತಾ ಹೋಗ್ತಾ ಚರಂಡಿಗೆ ಇಳಿಯುತ್ತೆ. ರಸ್ತೆ ಕೊನೇಲಿರೋ ಕಂಬ ನೋಡಿ."

ರೇಜರ್ ಅಲ್ಲೇ ನಿಂತಿತು. ಟ್ಯಾಂಕು!

ಫೈಂಡರ್ ಇರುವುದು ಟೆಲಿಸ್ಕೋಪಿನ ಕೊಳವೆಯಿಂದ ಒಂದು ಗೇಣು ಪಕ್ಕಕ್ಕೆ. ಹತ್ತಿರದ ಟ್ಯಾಂಕಿಗೆ ಹೊಂದಿಸಿದರೆ ಎರಡರ ನೋಟವೂ ಟ್ಯಾಂಕಿನ ಬಳಿ ಕೂಡಿ, ಅಲ್ಲಿಂದಾಚೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ಟ್ಯಾಂಕಿಗೆ ನೆಟ್ಟಗೆ, ಆಕಾಶಕ್ಕೆ ಮೆಳ್ಳಗಣ್ಣು. ದೋಷ ಇದ್ದದ್ದು ಇಲ್ಲಿ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದು ಗೇಟಿನ ಬಳಿ ನಿಂತು ಕ್ಲಚ್ ಒತ್ತಿಸುತ್ತಿತ್ತು.

ಅರ್ಧ ಗಡ್ಡದಲ್ಲೇ ಹಿತ್ತಲಿಗೆ ಓಡಿದೆ. ಊರಾಚೆಯ ಮೊಬೈಲ್ ಟವರಿನ ತುದಿಗೆ ಹೊಂದಿಸಿದೆ. ಸ್ಕ್ರೂ ಕಾಲು ಸುತ್ತು ತಿರುಗಿತು, ಅಷ್ಟೆ. ಕಾಲು ಸುತ್ತಿಗೆ ಇಷ್ಟೆಲ್ಲ ಸುತ್ತು.

ನವೆಂಬರ್ ೧೬, ಭಾನುವಾರ

ಕಂಡಿತು.

ಇಷ್ಟೇ ಇಷ್ಟು. ಮಾಸಲು ಹಳದಿ. ಸುತ್ತ ಉಂಗುರ, ಯಾರೋ ತಮಾಷೆಗೆ ತೊಡಿಸಿದ ಹಾಗೆ. ಭೂಮಿ ತಿರುಗುತ್ತದಲ್ಲ, ನೋಡುನೋಡುತ್ತಲೇ ಅಂಚಿಗೆ ಜಾರುತ್ತದೆ. ಕೊಳವೆಯನ್ನು ಮೆಲ್ಲಗೆ ತಳ್ಳಿ ಮತ್ತೆ ನಡುವಿಗೆ ತಂದುಕೊಳ್ಳಬೇಕು. ಕೂಗಬೇಕೆನಿಸಿತು. ಬಾಯಿ ತೆರೆದೆ. ಮುಚ್ಚಿದೆ. ಆ ಕೂಗನ್ನು ಐದನೇ ತಾರೀಕೇ ಖರ್ಚು ಮಾಡಿಬಿಟ್ಟಿದ್ದೇನೆ.

ಅಡುಗೆಮನೆ ಕಿಟಕಿಯಲ್ಲಿ ದೀಪವಿತ್ತು. "ಕಾಣಿಸ್ತಾ?" ಎಂದು ಯಾರೂ ಕೇಳಲಿಲ್ಲ.

ಒಂದು ಹೇಡಿ ಉಪಾಯ ಹೊಳೆಯಿತು. ಏನೂ ಹೇಳದೆ ಅವಳಿಗೆ ತೋರಿಸಿಬಿಡುವುದು. ಕಾಣುತ್ತದೆ, ಭಯ ಹೋಗುತ್ತದೆ, ನನ್ನ ಸುಳ್ಳು ಹಾಗೇ ಜೀರ್ಣ. ಕರೆದೆ.

"ನಿಮಗೆ ಕಾಣುತ್ತಲ್ಲ, ನೀವೇ ನೋಡಿ. ನನ್ನನ್ನ ಮತ್ತೆ ಪರೀಕ್ಷೆಗೆ ಕೂರಿಸ್ಬೇಡಿ."

ಬಾಗಿಲು ಹಾಕಿಕೊಂಡಳು. ದಡಾರನೆ ಹಾಕಿದ್ದರೆ ಸಮಾಧಾನವಾಗುತ್ತಿತ್ತು. ಮೆಲ್ಲಗೆ ಹಾಕಿದಳು.

ನವೆಂಬರ್ ೨೦, ಗುರುವಾರ

ಮೋಡ. ಒಳಗೂ ಹೊರಗೂ.

ಹಾರನ್ ಕಾರು ನೋಡಲು ಬಂದಿದ್ದ. "ಎರಡನೇ ಗೇರ್ ಸ್ವಲ್ಪ ಹಠ ಮಾಡುತ್ತೆ. ಬೈಬೇಡ, ನಿಧಾನಕ್ಕೆ ಹಾಕು" ಎಂದು ಅವನಿಗೆ ಹೇಳಿಕೊಟ್ಟಳು. "ಅಕ್ಕಾ, ನೀವಿಲ್ದೆ ಹೆಂಗಕ್ಕಾ?" ಎಂದ. "ಬ್ರೇಕ್ ಇದೆಯಲ್ಲೋ" ಎಂದಳು. ಹೋಗುವಾಗ ಅವನು ಹಾರನ್ ಹೊಡೆಯಲಿಲ್ಲ.

ನವೆಂಬರ್ ೨೨, ಶನಿವಾರ

ಹೇಳಿದೆ.

ಹೇಳಿದ್ದು ಹೀಗೆ. ಇನ್ನೂ ಬೆಳಕಿರುವಾಗ ಅವಳೇ ಕರೆದಳು: "ಕೊಡೋಕೆ ಮುಂಚೆ ನೀವೂ ಒಂದ್ಸಲ ಓಡಿಸಿ. ಊರಿಗೆಲ್ಲ ಕಲಿಸಿ ಗಂಡನಿಗೆ ಕಲಿಸಲಿಲ್ಲ ಅನ್ನೋ ಮಾತು ಬೇಡ." ಗೋದಾಮಿನ ಹಿಂದಿನ ಖಾಲಿ ರಸ್ತೆ. ನಾನು ಸ್ಟೀರಿಂಗ್ ಹಿಂದೆ. ಅವಳ ಕಾಲು ಅವಳ ಕಡೆಯ ಬ್ರೇಕಿನ ಮೇಲೆ. ಮಬ್ಬಾಗುತ್ತಿತ್ತು.

"ದೂರ ನೋಡಿ, ದೂರ."

"ಅವತ್ತು ನಾನು ದೂರ ನೋಡ್ಲಿಲ್ಲ ಕಣೇ. ಟ್ಯಾಂಕ್ ನೋಡ್ದೆ."

"ಟ್ಯಾಂಕ್ ತುಂಬಿಸಿದ್ದೀನಿ, ನೀವು ರಸ್ತೆ ನೋಡಿ."

"ಶನಿ ನನಗೂ ಕಾಣಿಸಿರ್ಲಿಲ್ಲ. ಅವತ್ತು ಅದರೊಳಗೆ ಏನೂ ಇರ್ಲಿಲ್ಲ. ಬರೀ ಕಪ್ಪೇ ಇತ್ತು. ನಿನ್ನ ಕಣ್ಣು ಇದ್ದದ್ದನ್ನೇ ನೋಡಿತ್ತು."

ಮಾತು ಬಿಟ್ಟೆ, ಕ್ಲಚ್ಚೂ ಬಿಟ್ಟೆ. ಅವಳು ಬ್ರೇಕ್ ಒತ್ತಿದಳು. ಎಂಜಿನ್ ಕೆಮ್ಮಿ ಆಫ್ ಆಯಿತು. ಇಂಡಿಕೇಟರ್ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು, ಯಾವಾಗ ಹಾಕಿದ್ದೆನೋ.

"ರಾತ್ರಿ ಎದ್ದೆದ್ದು ಬೀದಿದೀಪ ನೋಡ್ತಿದ್ದೆ ನಾನು," ಎಂದಳು. "ಇವತ್ತು ಎಷ್ಟು ಮಂಕಾಗಿದೆ ಅಂತ."

ಆಮೇಲೆ: "ಇಳೀರಿ."

ಇಳಿದೆ. ಈ ಕಡೆ ಬಂದು ಕೂತಳು. ಹೆಡ್‌ಲೈಟ್ ಹಾಕಿದಳು. ಹೋದಳು. ಕತ್ತಲಲ್ಲಿ ಎರಡು ಕೆಂಪು ಚುಕ್ಕಿ ದೂರ ದೂರ ಹೋಗಿ ತಿರುವಿನಲ್ಲಿ ಮಾಯವಾದವು. ನಡೆದೇ ಮನೆಗೆ ಬಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ಉದ್ದಕ್ಕೂ ಒಂದೇ ಯೋಚನೆ — ಕತ್ತಲಲ್ಲಿ ಓಡಿಸಿಕೊಂಡು ಹೋದಳು!

ನವೆಂಬರ್ ೨೩, ಭಾನುವಾರ, ರಾತ್ರಿ ಎಂಟು

ಬೆಳಿಗ್ಗೆ ಹಾರನ್‌ಗೆ ಫೋನ್ ಮಾಡಿದಳು: "ನಾಳೆ ಬರ್ಬೇಡಪ್ಪ. ಗಾಡಿ ಕೊಡಲ್ಲ." ಇವತ್ತು ಈ ಮನೆಯಲ್ಲಿ ಕೇಳಿದ್ದು ಅದೊಂದೇ ಮಾತು. ನನ್ನ ಪಾಲಿಗೆ ಮಾತಿಲ್ಲ. ನ್ಯಾಯವೇ.

ಸಂಜೆ ಮೋಡ ಸರಿದಿತ್ತು. ಚುಕ್ಕಿ ಹಚ್ಚಿ ಶನಿಯ ಮೇಲೆ ಕೂರಿಸಿ, ಒಳಗೆ ಬಂದು, ಅಡುಗೆಮನೆಯ ಗೋಡೆಗೆ "ಇಟ್ಟಿದ್ದೀನಿ" ಎಂದೆ. ಹಿತ್ತಲಿಗೆ ಹೋಗಲಿಲ್ಲ. ಪಾತ್ರೆ ತೊಳೆಯತೊಡಗಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಹೋದಳು.

ಕಿಟಕಿಯಿಂದ ಕೇಳಿದೆ: "ಕಾಣಿಸ್ತಾ?"

ನಾಲ್ಕು ತಟ್ಟೆ ತೊಳೆದಿಟ್ಟೆ. ಲೋಟಗಳಿಗೆ ಕೈ ಹಾಕಿದೆ. ಆಮೇಲೆ:

"ಇಲ್ಲ ರೀ. ಬರೀ ಕಪ್ಪು."

ಕೈಯಿಂದ ಲೋಟ ಜಾರಿತು. ಬಾಗಿಲಿನಿಂದ ಟ್ರೈಪಾಡ್‌ವರೆಗೆ ಎಷ್ಟು ದೂರ! ಯಂತ್ರಕ್ಕೇನು ಗೊತ್ತಾಗುತ್ತೆ... ಅತ್ತೆ ತಲೆ ವಾಲಿಸಿ ಚಪ್ಪಲಿ ಸದ್ದು ಕೇಳುತ್ತಿದ್ದ ರೀತಿ... ಒದ್ದೆ ಕೈಯಲ್ಲೇ ಓಡಿದೆ. ಕಣ್ಣಿಟ್ಟೆ.

ಶನಿ ನಟ್ಟನಡುವೆ ಇತ್ತು. ಇಷ್ಟು ಹೊತ್ತಿಗೆ ಅಂಚು ದಾಟಿ ಹೋಗಿರಬೇಕಾದದ್ದು. ನೋಡುತ್ತಾ ನೋಡುತ್ತಾ ಯಾರೋ ಮೆಲ್ಲಗೆ ತಳ್ಳಿ ತಳ್ಳಿ ನಡುವಿಗೆ ತಂದಿಟ್ಟುಕೊಂಡ ಹಾಗೆ.

ತಲೆ ಎತ್ತಿದೆ. ಕೈಕಟ್ಟಿ ನಿಂತಿದ್ದಳು.

"ಹೆದರಿಕೆ ಆಯ್ತಾ?"

"ಆಯ್ತು."

"ಎಷ್ಟು?"

ಒಂದು ಜೋಕ್ ನಾಲಿಗೆ ತುದಿಯವರೆಗೆ ಬಂತು. ನುಂಗಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಎರಡೂ ಕಣ್ಣು ತೆರೆದು. "ತುಂಬಾ. ಆದ್ರೂ ನಿನ್ನ ಹದಿನೇಳು ದಿನದಷ್ಟಲ್ಲ" ಎಂದೆ.