ಚಾವಣಿಯ ಮೇಲೆ ಕಾಲುವೆ

ಜನವರಿ 6, 1997. ಸೋಮವಾರ

ಇವತ್ತು ಬೆಳಿಗ್ಗೆ ಶಹಾಪುರದ ಚರ್ಚಿನ ಒಳಗೆ, ಚಾವಣಿಯ ಮೇಲೆ ಬೆಳಕು ತೆರೆತೆರೆಯಾಗಿ ಅಲುಗುತ್ತಿತ್ತು. ಎಲ್ಲಿಂದ? ಕಿಟಕಿಗೆ ಹೋಗಿ ನೋಡಿದೆ. ಗೋಡೆಗೆ ಹತ್ತಿಯೇ ಕಾಲುವೆ. ನೀರು ಬಿಟ್ಟಿದ್ದಾರೆ. ಅದರ ಮೇಲಿನ ಬಿಸಿಲು ಪುಟಿದು ಒಳಗೆ ಬರುತ್ತದೆ!

16ಕ್ಕೆ ಇಲ್ಲಿ ಮದುವೆ. ಅದೇ ದಿನ ಫೋಟೋ ತೆಗೆಯಲು ಕಾಕಾನಿಗೆ ಗುರುಮಠಕಲ್‌ನಲ್ಲಿ ಇನ್ನೊಂದು. ಹಾಗಾಗಿ ಇದರ ಫೋಟೋ ನನ್ನದು. ಬಿ.ಎ. ಮುಗಿದ ಮೇಲೆ ಯಾದಗಿರಿಯಲ್ಲಿರುವ ಅವನ ಸ್ಟುಡಿಯೋದಲ್ಲಿ ಬರೀ ಕೌಂಟರಿಗೆ ಕೂತವಳು ನಾನು. ಮದುವೆಗೆ ಒಬ್ಬಳೇ ಹೋಗುವುದು ಇದೇ ಮೊದಲು.

ಪಾದ್ರಿಗಳು ಮೆಲ್ಲಗೆ ಹೇಳಿದರು: "ಪ್ರಮಾಣ ನಡದಾಗ ಫ್ಲ್ಯಾಶ್ ಹೊಡಿಬ್ಯಾಡ್ರಿ. ವೇದಿಕಿ ಮುಂದಿನ ಕಟಕಟಿ ದಾಟಬ್ಯಾಡ್ರಿ."

"ಆತ್ರಿ ಅಯ್ಯೋರ. ಚಲೋ ಬರಲಿಲ್ಲಂದ್ರ ಉಂಗುರ ಇನ್ನೊಮ್ಮಿ ಹಾಕಸ್ತೀವಿ" ಅಂದ ಜೊತೆಗಿದ್ದ ಕಾಕಾ. ಬೇರೆ ಮದುವೆಗಳಲ್ಲಿ ತಾಳಿ ಕಟ್ಟುವ ಕೈಯನ್ನೇ ತಡೆದು ನಿಲ್ಲಿಸಿ ಫೋಟೋ ತೆಗೆದು ಅವನಿಗೆ ರೂಢಿ.

ಪಾದ್ರಿಗಳು ನಕ್ಕರು. "ಇಲ್ಲಿ ಇನ್ನೊಮ್ಮಿ ಅನ್ನೂದಿಲ್ರಿ ಚಂದ್ರಾಮಪ್ಪ. ಒಮ್ಮಿ ಅಂದ್ರ ಒಮ್ಮಿ."

ಜನವರಿ 9

ಬೆಳಕು ಅಳೆಯಲು ಒಬ್ಬಳೇ ಮತ್ತೆ ಹೋಗಿದ್ದೆ, ಮದುವೆ ನಡೆಯುವ ಹೊತ್ತಿಗೇ. ಕಾಲುವೆಯ ಬೆಳಕಿದ್ದರೆ ಫ್ಲ್ಯಾಶ್ ಬೇಡ. ಸೆಕೆಂಡಿನ ಅರವತ್ತನೇ ಪಾಲಿನಲ್ಲಿ ಫೋಟೋ ಹೊಡೆಯಬಹುದು, ಬೆಳಕಿನ ಮೀಟರ್ ಹೇಳುತ್ತದೆ.

ಮದುಮಗಳು ಸುವಾರ್ತಾ ಬೆಂಚು ಒರೆಸುತ್ತಿದ್ದಳು.

"ಅಪ್ಪನ ಕಾಲು ಮುರದದ್ರಿ ಅಕ್ಕಾ. ಚರ್ಚಿಗಿ ಬರಾಕ ಆಗಂಗಿಲ್ಲ. ಉಂಗುರ ಹಾಕೂದು ಫೋಟೋದಾಗರೆ ನೋಡ್ತೀನಿ ಅಂತಾನ."

ತಲೆಯಾಡಿಸಿದೆ. ತಿರುಗಿ ಬರುವ ಬಸ್ಸಿನಲ್ಲಿ ಹತ್ತು ಉತ್ತರ ಹೊಳೆದವು.

ಜನವರಿ 16, ಸಂಜೆ

ಕಾಲುವೆ ಬತ್ತಿತ್ತು! ನಿನ್ನೆ ಗೇಟ್ ಹಾಕಿ ನೀರು ನಿಲ್ಲಿಸಿದರಂತೆ. ಬರೀ ಕೆಸರು. ಚಾವಣಿ ಕಪ್ಪು. ಮೀಟರಿನ ಮುಳ್ಳು ಅರವತ್ತರಿಂದ ಎಂಟಕ್ಕೆ, ಸೆಕೆಂಡಿನ ಎಂಟನೇ ಪಾಲಿಗೆ, ಕುಸಿದಿತ್ತು. ಎಂಟರಲ್ಲಿ ಉಸಿರಾಡಿದರೂ ಚಿತ್ರ ಮಸುಕು.

ಕಿಟಕಿಯ ಕೆಳಗೆ ನೆಲದ ಮೇಲೆ ಒಂದು ತುಂಡು ಬಿಸಿಲು. ಅದರಲ್ಲಿ ಕರ್ಚೀಫ್ ಹಾಸಿ ನೋಡಿದೆ. ಪಕ್ಕದ ಗೋಡೆ ತುಸು ಬೆಳಗಿತು... ಇನ್ನೂ ದೊಡ್ಡದಿದ್ದರೆ? ಮದುಮಗಳ ಅಜ್ಜಿ ಮಲ್ಲಾಬಾಯಿಯನ್ನು ಬಿಳಿ ಬಟ್ಟೆ ಕೇಳಿದೆ.

"ಎದಕ್ಕ ಬೇ? ಹಾಸ್ಕೊಂಡು ಮಕ್ಕೋತಿಯೇನು?"

"ಬೆಳಕಿಗ್ರಿ, ಆಯಿ."

"ಬೆಳಕಿಗಿ ಧೋತ್ರ ಉಡಸಾಕಿನ್ನ ಇವತ್ತೇ ನೋಡಿದೆ!"

ಬೀಗರಿಗೆ ಕೊಡಲು ತಂದ ಹೊಸ ಧೋತ್ರವನ್ನೇ ತಂದು ಕೊಟ್ಟಳು. ಬಿಸಿಲಿನಲ್ಲಿ ಹಾಸಿದೆ. ಮುಳ್ಳು ಹದಿನೈದಕ್ಕೆ ಏರಿತು. ಪಾದ್ರಿಗಳು ಅದನ್ನು ತುಳಿಯದಂತೆ ಬಳಸಿ ಹೋದರು.

ಕಂಬಕ್ಕೆ ಒರಗಿ ಉಸಿರು ಹಿಡಿದೆ. ಉಂಗುರ. ಸುವಾರ್ತಾಳ ಕೈ ನಡುಗುತ್ತಿತ್ತು. ಒಂದೇ ಫ್ರೇಮ್. "ಇನ್ನೊಮ್ಮಿ" ಬಾಯಿಗೇ ಬಂದಿತ್ತು. ನುಂಗಿದೆ.

ಜನವರಿ 21

ಕಲಬುರಗಿಯ ಲ್ಯಾಬಿನಿಂದ ಪ್ರಿಂಟು ಬಂದವು. ಮುಖಗಳು ಸ್ಪಷ್ಟ. ಅವಳ ಬೆರಳುಗಳು ಮಾತ್ರ ಕದಡಿವೆ, ಉಂಗುರ ಬೆಳಕಿನ ಒಂದು ಎಳೆ. ನಡುಕ ಹೀಗೆ ಕಾಣುತ್ತದೆ ಎಂದು ಗೊತ್ತಿರಲಿಲ್ಲ. ಮತ್ತೆ ಮತ್ತೆ ನೋಡಿದೆ.

"ಕೈ ಅಳ್ಳಾಡ್ಯಾವ" ಅಂದ ಕಾಕಾ. "ಇಬ್ಬರನ್ನೂ ಸ್ಟುಡಿಯೋಕ್ಕ ಕರಸು. ಅದೇ ಸೀರಿ ಉಟ್ಕೊಂಡು ಬರ್ಲಿ. ಉಂಗುರ ಹಾಕಿಸಿ, ಫ್ಲ್ಯಾಶ್ ಹೊಡದು ಅಲ್ಬಮಿಗಿ ಹಚ್ಚಿಬಿಡಮು. ಮನ್ಯಾಗ ಮಕ್ಕೊಂಡ ಮುದುಕಗ ಏನು ಗೊತ್ತಾಗ್ತದ?"

ಗೊತ್ತಾಗಲಿಕ್ಕಿಲ್ಲ. ಆದರೆ ಆತ ಕೇಳಿದ್ದು ಅವತ್ತಿನ ಉಂಗುರ. ಕಾಕಾನಿಗೆ ಮಾತ್ರ "ಹೂಂ" ಅಂದೆ.

ಜನವರಿ 22, ಬೆಳಿಗ್ಗೆ, ಬಸ್ ಸ್ಟ್ಯಾಂಡ್

ಕಾಕಾ ಇನ್ನೂ ಎದ್ದಿಲ್ಲ. ಆ ಪ್ರಿಂಟು ನನ್ನ ಚೀಲದಲ್ಲಿದೆ. ಸುವಾರ್ತಾಗೆ ಸ್ಟುಡಿಯೋಕ್ಕೆ ಬರುವುದು ಬೇಡ ಎನ್ನುತ್ತೇನೆ. ಅಲ್ಬಮಿಗೆ ಇದೇ ಹೋಗುತ್ತದೆ. ಬಂದ ಮೇಲೆ ಕಾಕಾನ ಮುಂದೆ ನಿಂತು ನಾನೇ ಹೇಳುತ್ತೇನೆ, ಬೈದರೆ ಬೈಯಲಿ.

ಅವಳ ಅಪ್ಪ ಮೊದಲು ಏನು ನೋಡುತ್ತಾನೋ — ಮುಖವೋ, ಬೆರಳೋ... ಶಹಾಪುರದ ಬಸ್ಸು ಬಂ—